ಹೊಸಿಲು ದಾಟಿದ ಮುದ್ರೆ

ಮೊನ್ನೆ ತಗಡಿನ ಪೆಟ್ಟಿಗೆಯ ಬೀಗ ತೆಗೆದಾಗ ಮೊದಲು ಬಂದದ್ದು ನೇರಳೆ ಶಾಯಿಯ ವಾಸನೆ. ಅದರ ಹಿಂದೆಯೇ ಹುರಿದ ರಾಗಿಯದು. ಆ ಶಾಯಿ ಒಣಗಿ ವರ್ಷಗಳಾಗಿವೆ. ಆದರೂ ಅಚ್ಚಿನ ಮರ ಅದನ್ನು ಒಳಗೇ ಹಿಡಿದಿಟ್ಟುಕೊಂಡಿದೆ. ಪೆಟ್ಟಿಗೆಯಲ್ಲಿ ಇದ್ದದ್ದು ಅಂಗೈ ಅಗಲದ ಒಂದು ಮರದ ಅಚ್ಚು. ಅದರಲ್ಲಿ ಕೆತ್ತಿದ್ದು ಒಂದು ಮೊರ, ಮೊರದೊಳಗೆ ಮೂರು ರಾಗಿ ತೆನೆ.

ಬೀಗ ತೆಗೆಸಿದವಳು ತಿ. ನರಸೀಪುರದ ಒಕ್ಕೂಟದ ಆಫೀಸಿನ ಹುಡುಗಿ. ಸುತ್ತಲ ಹಳ್ಳಿಗಳ ಮಹಿಳಾ ಸಂಘಗಳೆಲ್ಲ ಇನ್ನು ಒಂದೇ ಗುರುತಿನಲ್ಲಿ ಮಾಲು ಮಾರುತ್ತವಂತೆ, ಆ ಗುರುತು ನಮ್ಮ ಸಂಘದ ಮೊರದ ಮುದ್ರೆಯೇ ಆಗಲಿ ಅಂತ ತೀರ್ಮಾನವಾಗಿದೆಯಂತೆ. ಅದನ್ನು ಯಾರು, ಎಲ್ಲಿ, ಹೇಗೆ ಬಳಸಬೇಕು ಅಂತ ರೂಲ್ಸು ಬರೆಯುವ ಕೆಲಸ ಅವಳದು. "ಅಜ್ಜಿ, ನಿಮ್ಮ ಕಾಲದಲ್ಲಿ ಏನೇನು ರೂಲ್ಸ್ ಇತ್ತು?" ಅಂತ ಕೇಳಿದಳು. ರೂಲ್ಸು ನನ್ನವಲ್ಲ. ಮುದ್ರೆಯಕ್ಕನವು. ಅಚ್ಚು ಕೈಗೆ ತೆಗೆದುಕೊಂಡ ಮೇಲೆ ಅವರು ನೆನಪಿಗೆ ಬಾರದೆ ಇರುವುದು ಹೇಗೆ...

ಮುದ್ರೆಯಕ್ಕ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ನಮ್ಮ ಬೀದಿಯ ಕೊನೆಯ ಮನೆ. ಒಣಕಲು ಮೈ, ದೊಡ್ಡ ಗಂಟಲು. ನಗುವುದು ಕಡಿಮೆ. ಅವರ ಮಾವ ಹಿಂದೆ ಜಮೀನಿನವರ ಕಣ ಕಾಯುತ್ತಿದ್ದವರು. ಆಗೆಲ್ಲ ಕಣದಲ್ಲಿ ರಾಶಿ ಮಾಡಿದ ಮೇಲೆ, ಅಳೆಯುವ ತನಕ ಯಾರೂ ಕೈ ಹಾಕದಿರಲಿ ಅಂತ ರಾಶಿಯ ಸುತ್ತ ಬೂದಿ ಚೆಲ್ಲಿ, ಅದರ ಮೇಲೆ ಮರದ ಅಚ್ಚು ಒತ್ತುತ್ತಿದ್ದರು. ಬೆಳಿಗ್ಗೆ ಬಂದು ನೋಡಿದಾಗ ಗುರುತು ಅಳಿಸಿದ್ದರೆ ಕಳವಾಗಿದೆ ಎಂದರ್ಥ. ಆ ರಾಶಿಯಲ್ಲಿ ಆ ಮುದುಕರದ್ದು ಒಂದು ಕಾಳೂ ಇರಲಿಲ್ಲ. ಕಾಯುವುದಷ್ಟೇ ಅವರ ಪಾಲು. ಕಣಗಳು ಹೋದವು, ಅಚ್ಚು ಮನೆಯಲ್ಲೇ ಉಳಿಯಿತು.

ನಾವು ಹನ್ನೆರಡು ಜನ ಹೆಂಗಸರು ಸಂಘ ಕಟ್ಟಿಕೊಂಡು ರಾಗಿ ಹುರಿಹಿಟ್ಟು ಮಾಡಿ ಮಾರಲು ಹೊರಟಾಗ, ಪೊಟ್ಟಣದ ಮೇಲೆ ಏನು ಹಾಕುವುದು ಅಂತ ಮಾತು ಬಂತು. ಒಬ್ಬಳು ಲಕ್ಷ್ಮಿ ಅಂದಳು, ಇನ್ನೊಬ್ಬಳು ಕಮಲ ಅಂದಳು. ಮುದ್ರೆಯಕ್ಕ ಮನೆಗೆ ಹೋಗಿ ಈ ಅಚ್ಚು ತಂದು ನಡುವೆ ಇಟ್ಟರು. "ಇಷ್ಟು ದಿನ ಕಂಡೋರ ರಾಶಿ ಕಾದದೆ. ಇನ್ಮ್ಯಾಕೆ ನಮ್ದು ಕಾಯ್ಲಿ" ಅಂದರು. ಅಲ್ಲಿಂದ ಅವರ ಹೆಸರೇ ಮುದ್ರೆಯಕ್ಕ ಅಂತ ಆಯಿತು.

ಗುರುತು ಜನಕ್ಕೆ ಹಿಡಿಸಿತು. ಹಿಡಿಸಿದ ಮೇಲೆ ತಾಪತ್ರಯ ಶುರುವಾಯಿತು. ನಮ್ಮವಳೇ ಒಬ್ಬಳು ಮಗಳ ಲಗ್ನಪತ್ರಿಕೆಗೆ ಅರಿಶಿನ ಹಚ್ಚಿ, ಅದರ ಪಕ್ಕದಲ್ಲೇ ಮುದ್ರೆ ಒತ್ತಿಕೊಂಡಳು. ಶುಭ ಅಂತೆ. "ನಿನ್ ಮಗ್ಳುನ್ನೂ ಪ್ಯಾಕೇಟ್‌ಗೆ ಆಕಿ ಮಾರೀಯೇನೆ?" ಅಂತ ಮುದ್ರೆಯಕ್ಕ ಎಲ್ಲರ ಮುಂದೆ ಕೇಳಿದರು. ಮತ್ತೊಬ್ಬಳ ಗಂಡ ಪಂಚಾಯ್ತಿ ಚುನಾವಣೆಗೆ ನಿಂತು ಕರಪತ್ರಕ್ಕೆ ಮೊರದ ಗುರುತು ಅಚ್ಚು ಹಾಕಿಸಿದ. ಇವರು ಅವನ ಮನೆಗೇ ಹೋಗಿ ಕಟ್ಟುಗಟ್ಟಲೆ ಕಾಗದ ಹೊತ್ತು ತಂದು ನೀರೊಲೆಗೆ ಹಾಕಿದರು. ಆ ದಿನ ಬಿಸಿನೀರು ಚೆನ್ನಾಗಿ ಕಾಯ್ತು ಅಂತ ಆಮೇಲೆ ಹೇಳಿದ್ದು ನೆನಪಿದೆ. ಅವರು ನಗೆ ಮಾತಾಡಿದ್ದು ಅಂಥವೇ ಒಂದೆರಡು.

ಅದಾದ ಮೇಲೆ ಸಂಘದ ಗೋಡೆಯ ಮೇಲೆ ಸುಣ್ಣದಲ್ಲಿ ಬರೆಸಿದರು. ನಾವೇ ಮಾಡಿದ ಹಿಟ್ಟಿಗೆ ಬಿಟ್ಟು ಬೇರೆ ಯಾವುದಕ್ಕೂ ಮುದ್ರೆ ಇಲ್ಲ. ಮುದ್ರೆಯ ಪಕ್ಕದಲ್ಲಿ ಯಾರ ಹೆಸರೂ ಇಲ್ಲ, ಅಧ್ಯಕ್ಷೆಯದೂ ಇಲ್ಲ. ಖಾರ ಬೀಸಿದ ಮಿಲ್ಲಿನಲ್ಲಿ ಎರಡು ಸೇರು ಅಕ್ಕಿ ಬೀಸಿ ಚೆಲ್ಲದೆ ಬೀಸಿದ ಹಿಟ್ಟಿಗೆ ಮುದ್ರೆ ಇಲ್ಲ, ಯಾಕೆಂದರೆ ಈ ಹಿಟ್ಟು ತಿನ್ನುವುದು ಹಲ್ಲಿಲ್ಲದ ಮಕ್ಕಳು. ಮುದ್ರೆಯ ಅಚ್ಚು ಸಂಘದ ಮನೆಯ ಹೊಸಿಲು ದಾಟಬಾರದು. ದಾಟಿಸಿದವರು ಮತ್ತೆ ಅದನ್ನು ಮುಟ್ಟಬಾರದು. ಪೆಟ್ಟಿಗೆಯ ಕೀ ಅವರ ಸೊಂಟದಲ್ಲಿ ಇರುತ್ತಿತ್ತು.

ಒಂದು ದಿನ ಕಳಲೆಯಲ್ಲಿದ್ದ ಅವರ ತಂಗಿಗೆ ಮೈ ಸರಿಯಿಲ್ಲ ಅಂತ ಸುದ್ದಿ ಬಂತು. ಮಾರನೆಯ ದಿನ ನರಸೀಪುರದ ಅಂಗಡಿಗೆ ಮಾಲು ಕೊಡುವುದಾಗಿ ಒಪ್ಪಿಕೊಂಡಿದ್ದೆವು. ಹಿಟ್ಟು ಯಾರು ಬೀಸಿಸಬೇಕು ಅಂತ ಆಯಾ ದಿನ ಮುದ್ರೆಯಕ್ಕನೇ ಹೇಳುತ್ತಿದ್ದರು. ಮುದ್ರೆಯಕ್ಕ ಬೆಳಿಗ್ಗೆ ನಮ್ಮ ಮನೆಗೆ ಬಂದು, ಸೆರಗಿನೊಳಗಿಂದ ಬಟ್ಟೆ ಸುತ್ತಿದ ಅಚ್ಚು ತೆಗೆದು ಕೊಟ್ಟರು. ಯಾರಿಗೂ ಹೇಳಲಿಲ್ಲ. "ನಿನ್ ನಂಬಿ ಕೊಡ್ತಿವ್ನಿ ಕಣೆ. ಬೀಸ್ದ ಮ್ಯಾಲೆ ಮೂಗ್ ತಾವ ಇಡ್ಕಂಡ್ ನೋಡು. ಅನ್ಮಾನ ಬಂದ್ರೆ ಒತ್‌ಬ್ಯಾಡ" ಅಂದರು. ಬಸ್ಸಿಗೆ ಹೋದರು.

ಅವತ್ತು ಕರೆಂಟು ಬಂದದ್ದು ಮಧ್ಯಾಹ್ನ. ನನಗಿಂತ ಮುಂಚೆ ಯಾರೋ ಮದುವೆ ಮನೆಯವರು ಮೆಣಸಿನಕಾಯಿ ಮೂಟೆ ತಂದಿದ್ದರು. ನನ್ನ ಸರದಿ ಬಂದಾಗ ಮಿಲ್ಲಿನವನೇ ಹೇಳಿದ, "ಅಕ್ಕೋ, ಈಗ್ತಾನೆ ಖಾರ ಬೀಸಿವ್ನಿ. ಎಲ್ಡು ಸೇರು ಅಕ್ಕಿ ಆಕ್ಬುಟ್ಟು ಆಮ್ಯಾಕೆ ನಿಂದು ಆಕು." ಅಕ್ಕಿ ತರಲು ಮನೆಗೆ ಹೋಗಿ ಬಂದರೆ ಬಸ್ಸು ತಪ್ಪುತ್ತಿತ್ತು. ಅವನ ಹತ್ತಿರವೇ ಇದ್ದ ಒಂದು ಹಿಡಿ ನುಚ್ಚು ಹಾಕಿಸಿ, ಸಾಕು, ನಮ್ಮದು ಹಾಕು ಅಂದೆ. ಹಿಟ್ಟು ಮೂಗಿನ ಹತ್ತಿರ ಹಿಡಿದೆ. ಘಾಟು ಇತ್ತು. ಜಾಸ್ತಿ ಏನಲ್ಲ, ಆದರೆ ಇತ್ತು. ಗೊತ್ತಾಗಲಿಲ್ಲ ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ಗೊತ್ತಾಯಿತು. ಗೊತ್ತಾಗಿಯೇ ಒಂದೊಂದು ಪೊಟ್ಟಣಕ್ಕೂ ಮುದ್ರೆ ಒತ್ತಿ ಬಸ್ಸಿಗೆ ಹಾಕಿದೆ.

ಮುದ್ರೆಯಕ್ಕ ಕಳಲೆಯಿಂದ ಬಂದ ಕೂಡಲೇ ಅಚ್ಚು ಅವರಿಗೆ ಒಪ್ಪಿಸಿದೆ. ನಾಲ್ಕನೇ ದಿನ ನಾವೆಲ್ಲ ಸಂಘದ ಮನೆಯಲ್ಲಿ ರಾಗಿ ಕೇರುತ್ತಿದ್ದಾಗ ನರಸೀಪುರದ ಕಡೆಯಿಂದ ಒಬ್ಬಳು ಹುಡುಗಿ ಬಂದಳು. ಕಂಕುಳಲ್ಲಿ ವರ್ಷ ತುಂಬದ ಕೂಸು, ಕೈಯಲ್ಲಿ ನಮ್ಮ ಪೊಟ್ಟಣ. ಹಿಟ್ಟು ಕಲಸಿ ತಿನ್ನಿಸಿದ ಮೇಲೆ ಕೂಸು ಉಸಿರು ಕಟ್ಟುವ ಹಾಗೆ ಅತ್ತಿದೆ. ತುಟಿ ಊದಿದೆ. ಆಸ್ಪತ್ರೆಗೆ ಹೊತ್ತುಕೊಂಡು ಓಡಿದ್ದಾರೆ. ನಮ್ಮ ಪುಣ್ಯ, ಉಳಿದುಕೊಂಡಿತು. ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಅಂಗ್ಡಿಯವ್ನು ಬ್ಯಾರೆದೂ ತೋರಿಸ್ದ ಕಣಮ್ಮ. ನಾನೇ ಮೊರದ್ ಮುದ್ರೆ ಅದಾ ಅಂತ ನೋಡ್ಬುಟ್ಟು ತಕ್ಕಂದೆ" ಅಂತ ಮುದ್ರೆಯ ಮೇಲೆ ಬೆರಳಿಟ್ಟು ತೋರಿಸಿದಳು.

ಮುದ್ರೆಯಕ್ಕ ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡರು. ತಲೆ ಎತ್ತಿ ನನ್ನನ್ನು ನೋಡಿದರು. ನಾನು ಮೊರ ನೋಡಿದೆ. ಕೂಸು ಅವ್ವನ ಸೆರಗು ಬಾಯಿಗೆ ಇಟ್ಟುಕೊಂಡು ಕೂತಿತ್ತು, ತುಟಿ ಇನ್ನೂ ಕೆಂಪಗಿತ್ತು...

"ಅವತ್ತು ಮುದ್ರೆ ನನ್ ಕೈಲಿ ಇರ್ಲಿಲ್ಲ. ಹೊಸ್ಲು ದಾಟ್ಸಿದ್ದು ನಾನೇ" ಅಂದರು ಮುದ್ರೆಯಕ್ಕ.

ಹೆಂಗಸರು ಮೇಲೆ ಬಿದ್ದರು. ಯಾರಿಗೆ ಕೊಟ್ಟೆ ಹೇಳು, ಯಾವಳು ಒತ್ತಿದ್ದು ಹೇಳು. ಅವರು ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಸೊಂಟದಿಂದ ಕೀ ಬಿಚ್ಚಿ ನೆಲದ ಮೇಲೆ ಇಟ್ಟರು. ಗೋಡೆಯಲ್ಲಿ ಬರೆಸಿದ್ದು ಅವರಿಗೂ ಸೇರಿಸಿಯೇ ಅಂತ ನಮಗೆ ಅಲ್ಲಿಯ ತನಕ ಹೊಳೆದಿರಲಿಲ್ಲ. ಇನ್ನು ಯಾರ ಕೈಗೆ ಕೊಡುವುದು ಅಂತ ಗಲಾಟೆಯಾದಾಗ ಅವರು ನನ್ನ ಕಡೆ ಕೈ ತೋರಿಸಿದರು.

"ಅವಳಾ? ಅವಳ್ಗೆ ನೆಟ್ಟಗೆ ಓದಕ್ ಬತ್ತದಾ?" ಅಂತ ಒಬ್ಬಳು ಕೊಂಕು ತೆಗೆದಳು.

"ಅವಳ ಮೂಗು ನೆಟ್ಟಗದೆ, ಸಾಕು ಬುಡು" ಅಂದರು.

ಉಳಿದವರು ಅದನ್ನು ತಮಾಷೆ ಅಂದುಕೊಂಡು ನಕ್ಕರು. ನನಗೆ ಬೆನ್ನಿನ ಮೇಲೆ ಹೊಡೆದ ಹಾಗಾಯಿತು. ಕೀ ಎತ್ತಿಕೊಂಡೆ. ಬೇಡ ಅನ್ನಬೇಕಾದರೆ ಯಾಕೆ ಬೇಡ ಅಂತಲೂ ಹೇಳಬೇಕಿತ್ತಲ್ಲ.

ಅಲ್ಲಿಂದ ಮುಂದೆ ಅವರು ಎಲ್ಲರ ಜೊತೆ ಮೂಲೆಯಲ್ಲಿ ಕೂತು ರಾಗಿ ಕೇರುತ್ತಿದ್ದರು. ಅಚ್ಚಿನ ಕಡೆಗೆ ಒಂದು ದಿನವೂ ಕೈ ಚಾಚಲಿಲ್ಲ. ಶುರುವಿನಲ್ಲಿ ನಾನು ಹಿಟ್ಟು ಹಿಡಿದುಕೊಂಡು ಅವರ ಹತ್ತಿರ ಹೋಗುತ್ತಿದ್ದೆ, ಒಂದು ಸಲ ನೋಡಿ ಅಂತ. "ನನ್ ಕೇಳ್ಬ್ಯಾಡ. ಕೀ ನಿನ್ ತಾವದೆ" ಅನ್ನುತ್ತಿದ್ದರು. ಕೋಪವಿತ್ತೋ ಇಲ್ಲವೋ ತಿಳಿಯಲಿಲ್ಲ. ಅಷ್ಟು ವರ್ಷದಲ್ಲಿ ಆ ವಿಷಯ ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎಷ್ಟು ಮೂಟೆ ಹಿಟ್ಟು ಬೀಸಿಸಿದೆನೋ ಲೆಕ್ಕ ಇಟ್ಟಿಲ್ಲ. ಅಕ್ಕಿ ಬೀಸಿ ಚೆಲ್ಲದೆ ಒಂದು ಸೇರೂ ಬೀಸಿಸಲಿಲ್ಲ. ಬಸ್ಸು ಎಷ್ಟೋ ಸಲ ತಪ್ಪಿತು. ತಪ್ಪಲಿ.

ಕೊನೆಗೆ ಅವರು ಹಾಸಿಗೆ ಹಿಡಿದಾಗ ಹೋಗಿ ಕೂತಿದ್ದೆ. ಹೇಳಿಬಿಡೋಣ ಅಂತಲೇ ಹೋಗಿದ್ದು. ಅವರು ಕಣ್ಣು ಬಿಟ್ಟು, "ಬೀಗ ತುಕ್ಕಿಡ್ದಿಲ್ಲ ತಾನೆ?" ಅಂದರು. ಇಲ್ಲ, ಎಣ್ಣೆ ಬಿಡ್ತಿದೀನಿ ಅಂದೆ. ಅಷ್ಟೇ ಮಾತು. ಒಂದು ವಾರಕ್ಕೆ ಹೋದರು...

ಊರಲ್ಲಿ ಇವತ್ತಿಗೂ ಹೇಳುತ್ತಾರೆ, ಮುದ್ರೆಯಕ್ಕ ಒಳ್ಳೆಯವಳೇ, ಆದರೆ ಒಂದು ಸಲ ಬೇಜವಾಬ್ದಾರಿ ಮಾಡಿ ಒಂದು ಕೂಸಿನ ಪ್ರಾಣ ತೆಗೆಯುವುದರಲ್ಲಿದ್ದಳು ಅಂತ. ನನ್ನ ಎದುರಿಗೇ ಹೇಳಿದ್ದಾರೆ. ನಾನು ಕೇಳಿಸಿಕೊಂಡು ಸುಮ್ಮನೆ ಇದ್ದೇನೆ. ಹಾಗೆ ಹೇಳುವವರು ಓದಲಿ ಅಂತಲೇ ಇದನ್ನು ಬರೆದದ್ದು. ಮುದ್ರೆಯಕ್ಕ ನಂಬಿ ಕೊಟ್ಟದ್ದು ನಿಜ. ಘಾಟು ಗೊತ್ತಾಗಿಯೂ ಒತ್ತಿದ್ದು ನಾನು.

ಆಫೀಸಿನ ಹುಡುಗಿ ತನ್ನ ಲ್ಯಾಪ್‌ಟಾಪಿನಲ್ಲಿ ಬರೆದುಕೊಂಡಿದ್ದನ್ನು ಓದಿ ಹೇಳಿದಳು. ಮೊರಕ್ಕೆ ಯಾವ ಬಣ್ಣ, ಸುತ್ತ ಎಷ್ಟು ಜಾಗ ಬಿಡಬೇಕು, ಎಷ್ಟು ಚಿಕ್ಕದು ಮಾಡಬಹುದು, ಬಗ್ಗಿಸಬಾರದು, ತಿರುಗಿಸಬಾರದು. ಎಲ್ಲ ಸರಿ, ಮಿಲ್ಲಿನ ವಿಷಯ ಎಲ್ಲಿ ಅಂತ ಕೇಳಿದೆ. "ಅದು ಲೋಗೋ ರೂಲ್ಸಿಗೆ ಬರಲ್ಲ ಅಜ್ಜಿ, ಕ್ವಾಲಿಟಿಗೆ ಬರುತ್ತೆ, ಅದಕ್ಕೆ ಬೇರೆ ಪುಸ್ತಕ ಇದೆ" ಅಂದಳು. ಆ ನರಸೀಪುರದ ಹುಡುಗಿ ಬೇರೆ ಪುಸ್ತಕ ನೋಡಿ ಹಿಟ್ಟು ತಗೊಳ್ಳಲಿಲ್ಲ, ಮುದ್ರೆ ನೋಡಿ ತಗೊಂಡಳು ಅಂದೆ. ಯಾವ ಹುಡುಗಿ ಅಂತ ಕೇಳಿದಳು. ಇಲ್ಲಿ ಬರೆದದ್ದನ್ನು ಮೊದಲು ಅವಳಿಗೆ ಬಾಯಲ್ಲಿ ಹೇಳಿದೆ. ಅವಳು ಬಣ್ಣದ ವಿಷಯದ ಮೇಲಕ್ಕೆ ಮಿಲ್ಲಿನ ರೂಲಿನ ಹೊಸ ಸಾಲು ಸೇರಿಸಿದಳು. ಈ ರೂಲು ಮಾಡಿದವರ ಹೆಸರು ಹಾಕೋಣವಾ ಅಂತಲೂ ಕೇಳಿದಳು. ಮುದ್ರೆಯ ಪಕ್ಕ ಹೆಸರು ಹಾಕುವುದನ್ನು ಅವರೇ ಒಪ್ಪುತ್ತಿರಲಿಲ್ಲ, ಬೇಡ ಅಂದೆ.

ಹೊರಡುವಾಗ ಅಚ್ಚನ್ನು ಎರಡು ದಿನದ ಮಟ್ಟಿಗೆ ಆಫೀಸಿಗೆ ಕೊಡಿ, ಕಂಪ್ಯೂಟರಿಗೆ ಹಾಕಿ ವಾಪಸು ತಂದುಕೊಡುತ್ತೇನೆ ಅಂದಳು. ಒಳ್ಳೆಯ ಹುಡುಗಿ, ತಂದುಕೊಡುತ್ತಿದ್ದಳು. ಆದರೂ ಆಗುವುದಿಲ್ಲ ಅಂದೆ. ಅವಳು ಸಂಘದ ಮನೆಯ ನೆಲದ ಮೇಲೆಯೇ ಬಿಳಿ ಕಾಗದ ಹಾಸಿ, ಮಂಡಿಯೂರಿ ಕೂತು ಫೋಟೋ ತೆಗೆದುಕೊಂಡಳು. ನಾನು ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯೊಳಗೆ ಇಟ್ಟು ಬೀಗ ಹಾಕಿದೆ. ಒಂದು ಸಲ ಹೊಸಿಲು ದಾಟಿದ್ದು ಸಾಕು.