ಎವೆಯಿಕ್ಕದ ಕಾವಲುಗಾರ

ಗೋದಾಮಿನ ವಾಚ್‌ಮನ್ ಕೆಲಸ ಹೋದ ಮೇಲೆ ಅಪ್ಪ ಮಗಳ ಹಳೇ ಕಂಪ್ಯೂಟರಿಗೆ ಅಂಟಿಕೊಂಡು, ಎಡವುತ್ತ ಕಲಿಯುತ್ತ ಒಂದು ಗೇಮ್ ಕಟ್ಟತೊಡಗಿದ್ದ. ಅದರಲ್ಲಿ ಕಳ್ಳನೊಬ್ಬ ಅಟ್ಟಣಿಗೆಯಿಂದ ಅಟ್ಟಣಿಗೆಗೆ ಹಾರುತ್ತ, ನೆರಳಲ್ಲಿ ಅಡಗುತ್ತ, ಕಾವಲುಗಾರನ ಕಣ್ಣು ತಪ್ಪಿಸಿ ಗೋದಾಮು ದಾಟಬೇಕು. ವರ್ಷ ಕಳೆದರೂ ಮೊದಲ ಹಂತವನ್ನೇ ಯಾರೂ ದಾಟಿರಲಿಲ್ಲ. ಇವತ್ತು ಆಡಲು ಕೂತ ಮಗಳೂ ಸಿಕ್ಕಿಬಿದ್ದು ಸಿಕ್ಕಿಬಿದ್ದು ರೋಸಿಹೋದಳು. ಎಲ್ಲಿ ಅಡಗಿದರೂ ಆ ಪುಣ್ಯಾತ್ಮನ ಟಾರ್ಚು ಅಲ್ಲಿಗೇ ಬಂದು ಬೀಳುತ್ತಿತ್ತು.

"ಅಪ್ಪಾ, ಇವನ ಕಣ್ತಪ್ಪಿಸೋದು ದೇವರ ಕೈಲೂ ಆಗಲ್ಲ. ಹೀಗಿದ್ರೆ ಇದನ್ನ ಯಾರೂ ಆಡಲ್ಲ. ಒಂದು ಗಳಿಗೆ ತೂಕಡಿಸೋ ಹಾಗಾದ್ರೂ ಮಾಡಪ್ಪ."

ಅಪ್ಪ ಕೀಬೋರ್ಡನ್ನು ತನ್ನತ್ತ ಎಳೆದುಕೊಂಡು, ಮತ್ತೆ ಅವಳ ಕಡೆಗೇ ಸರಿಸಿದ. ಅದು ಎರಡು ಸಾಲು ಕೋಡಿನ ಕೆಲಸವೆಂದು ಅವನಿಗೂ ಗೊತ್ತಿತ್ತು.

"ಬೇಡಮ್ಮ," ಎಂದ. "ನಾನು ತೂಕಡಿಸಿದ್ದೂ ಒಂದೇ ಗಳಿಗೆ."