ಗ್ರೀಸ್ ಡಬ್ಬಿಯ ಬೆಗೋನಿಯಾ

ಇವತ್ತು ಆಟೋ ನಗರದ ನಮ್ಮ ಗ್ಯಾರೇಜಿನಲ್ಲಿ ಗ್ರೀಸ್ ಡಬ್ಬಿಯೊಂದು ಖಾಲಿಯಾಯಿತು. ಸೋಪಿನ ಪುಡಿ ಹಾಕಿ ತಿಕ್ಕಿ, ಬೋರಲು ಹಾಕಿ, ಮೊಳೆ ಇಟ್ಟು ತಳಕ್ಕೆ ತೂತು ಹೊಡೆದೆ. ಆ ಟಣ್ ಟಣ್ ಸಪ್ಪಳಕ್ಕೆ ನನಗೆ ಅಕ್ಕ ನೆನಪಾಗುತ್ತಾಳೆ. ನಿಮಗೂ ಹೀಗೆ ಕಿವಿಯ ದಾರಿಯಲ್ಲಿ ಬರುವವರು ಯಾರಾದರೂ ಇರಬಹುದು.

ಅವ್ವ ತೀರಿದ ಮೇಲೆ ನನ್ನನ್ನು ಬೆಳೆಸಿದವಳು ಅಕ್ಕ. ಮದುವೆಯ ಮಾತು ಬಂದಾಗಲೆಲ್ಲ "ಇವ ಮದ್ಲ ದೊಡ್ಡವ ಆಗ್ಲಿ" ಅನ್ನುತ್ತಿದ್ದಳು. ನಾನು ಏಳನೆಯ ಇಯತ್ತೆಗೇ ಸಾಲೆ ಬಿಟ್ಟು ಗ್ಯಾರೇಜು ಸೇರಿದೆ. ದೊಡ್ಡವನಾದದ್ದು ಮೈಯಲ್ಲಿ ಮಾತ್ರ.

ಅಡುಗೆಮನೆ ಬಿಟ್ಟರೆ ಎರಡೇ ಖೋಲಿಯಿದ್ದ ಪೀರನವಾಡಿಯ ನಮ್ಮ ಮನೆಯ ಕಿಟಕಿಯಲ್ಲಿ, ನಾನು ತೂತು ಹೊಡೆದು ತಂದುಕೊಟ್ಟ ಇಂಥದ್ದೇ ಡಬ್ಬಿಯಲ್ಲಿ, ಅವಳ ಬೆಗೋನಿಯಾ ಇತ್ತು. ಹೂವಿಗಲ್ಲ, ಎಲೆಗಾಗಿ ಸಾಕುವ ಜಾತಿ. ಎಲೆಯ ಮೇಲೆ ಬೆಳ್ಳಿ ಬಳಿದ ಹೊಳಪು, ಹಿಂದೆ ತಿರುವಿದರೆ ಕುಂಕುಮದ ಕೆಂಪು. ಹೂ ಬಿಟ್ಟರೆ ಎಲೆ ಸೊರಗುತ್ತದೆಂದು ಮೊಗ್ಗು ಕಂಡ ಕೂಡಲೇ ಚಿವುಟುವಳು. ಮಣ್ಣಿಗೆ ಬೆರಳು ಚುಚ್ಚಿ ನೋಡಿ, ಒಣಗಿದ್ದರಷ್ಟೇ ನೀರು. ಬಿಸಿಲಿಗೆ ಹಳೆ ಸೀರೆಯ ಪರದೆ. ನಾನು ಗ್ರೀಸ್ ಕೈಯಲ್ಲಿ ಎಲೆ ಮುಟ್ಟಲು ಹೋದರೆ, "ಏ ಹುಚ್ಚಪ್ಯಾಲಿ, ಅದೇನ್ ಟ್ರ್ಯಾಕ್ಟರ್ ಅಂತ ತಿಳಕೊಂಡೀಯೇನು?" ಎಂದು ಕೈಮೇಲೆ ಹೊಡೆಯುವಳು.

ನನಗೆ ಮದುವೆಯಾಗಿ ಮಕ್ಕಳಾದ ಮೇಲೆ ಅಕ್ಕನ ಹಾಸಿಗೆ ಅಡುಗೆಮನೆಗೆ ಹೋಯಿತು. ಜಗಳವೇನೂ ಆಗಲಿಲ್ಲ. ಒಂದು ದಿನ ಅವಳೇ ಅಂದಳು: "ಖಾನಾಪುರದಾಗ ಹುಡುಗ್ಯಾರ ಹಾಸ್ಟೆಲಿನ್ಯಾಗ ಅಡಗಿ ಕೆಲಸ ಐತಿ. ಇರಾಕ ಖೋಲಿನೂ ಕೊಡ್ತಾರ. ಹೋಗ್ಲೇನೋ ತಮ್ಮಾ?"

ಅವಳು ಕೇಳಿದ್ದು ಅಪ್ಪಣೆಯಲ್ಲ ಎಂದು ನನಗೆ ಗೊತ್ತಿತ್ತು. "ಬ್ಯಾಡ" ಅನ್ನಲು ಎಷ್ಟು ಸಾಲೆ ಕಲಿತಿರಬೇಕು? ನಾನು ಅಂದದ್ದು, "ಗಿಡದ ಚಿಂತಿ ಮಾಡಬ್ಯಾಡ, ನಾ ನೋಡ್ಕೋತೇನಿ."

ನೋಡಿಕೊಂಡ ಚೆಂದ ಕೇಳಿ. ಜಳಕವಾದ ಮೇಲೆ ತುಳಸಿಗೆ ನೀರು ಹಾಕುವುದು ನಮ್ಮ ಮನೆಯ ರೂಢಿ. ತಂಬಿಗೆಯಲ್ಲಿ ಉಳಿದದ್ದನ್ನು ಬೆಗೋನಿಯಾಕ್ಕೆ ಸುರಿದೆ. ಬರಬರುತ್ತ ಅದಕ್ಕೇ ಒಂದು ಪೂರಾ ತಂಬಿಗೆ. ಎಲೆ ಜೋತರೆ, ಬಾಯಾರಿದೆ ಎಂದು ಇನ್ನಷ್ಟು. ಅಕ್ಕ ನೆನಪಾದ ದಿನ ಕೈ ಇನ್ನೂ ಧಾರಾಳ. ಒಂದು ಬೆಳಿಗ್ಗೆ ಗಿಡ ಬುಡದಿಂದ ಕಳಚಿ ಕೈಗೆ ಬಂತು, ಕೊಳೆತ ವಾಸನೆಯೊಂದಿಗೆ.

ಅದೇ ವಾರ ಅಕ್ಕನ ಫೋನು. "ಬೆಗೋನಿಯಾ ಹೆಂಗೈತಿ?"

"ಚಲೋ ಐತಿ. ಭಾಳ ಹೂ ಬಿಟ್ಟೈತಿ."

"ಮೊಗ್ಗಿ ಚಿವುಟಲಿಲ್ಲೇನು?" ಅಂದಳು. ಆಮೇಲೆ ಗಿಡದ ಮಾತೇ ಎತ್ತಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ.

ಕಡೆಗೆ ಈ ಮಳೆಗಾಲ ಮುಗಿಯುವ ಹೊತ್ತಿಗೆ ಖಾನಾಪುರದ ರೈಲು ಹತ್ತಿದೆ. ದೇಸೂರ ಸ್ಟೇಷನ್ ದಾಟಿದರೂ ಹೊಸ ಸುಳ್ಳೊಂದನ್ನು ಹೊಂದಿಸುತ್ತಲೇ ಇದ್ದೆ. ಹೋಗಿ ನೋಡಿದರೆ ಅಕ್ಕನ ಖೋಲಿಯ ಕಿಟಕಿಯಲ್ಲಿ ಅದೇ ಬೆಳ್ಳಿ ಎಲೆಗಳು! ಈ ಗಿಡ ಎಲೆಯಿಂದಲೂ ಹುಟ್ಟುತ್ತದೆ; ಮನೆ ಬಿಡುವಾಗ ಒಂದು ಎಲೆ ಕೊಯ್ದು ತಂದು ಉಸುಕಿನಲ್ಲಿ ಊರಿದ್ದಳಂತೆ. ಹೊಂದಿಸಿಕೊಂಡು ಬಂದ ಸುಳ್ಳು ಬಿಟ್ಟು ನಿಜ ಹೇಳಿದೆ.

"ಅಲ್ಲಿದು ಸತ್ತು ಹೋತು ಅಕ್ಕಾ. ನೀರ್ ಹಾಕಿ ಹಾಕಿ ನಾನ ಕೊಂದ್ನಿ."

"ಗೊತ್ತೈತಿ ಬಿಡು. ಬೆರಳಿಟ್ಟು ನೋಡೂ ತಾಳ್ಮಿ ನಿನಗೆಲ್ಲಿ?" ನಕ್ಕಳು. ಒಂದು ಎಲೆ ಕೊಯ್ದು ಒದ್ದೆ ಪೇಪರಿನಲ್ಲಿ ಸುತ್ತಿಕೊಟ್ಟಳು. "ಇದು ಚಿಗತ್ರ ಹೇಳು, ನೋಡಾಕ ಬರ್ತೇನಿ."

ಇವತ್ತು ಬೆಳಿಗ್ಗೆ, ಕಿವಿ ಮುರಿದ ಚಹಾ ಕಪ್ಪಿನ ಉಸುಕಿನಲ್ಲಿ, ಆ ಎಲೆಯ ಬುಡಕ್ಕೆ ಉಗುರಿನಷ್ಟು ಹೊಸ ಎಲೆ ಕಂಡಿತು. ತಂಬಿಗೆ ಕೈಯಲ್ಲೇ ಇತ್ತು. ಬೆರಳು ಚುಚ್ಚಿ ನೋಡಿದೆ. ಒದ್ದೆ. ತಂಬಿಗೆ ಕೆಳಗಿಟ್ಟೆ. ಅದಕ್ಕೇ ಈ ಡಬ್ಬಿ. ತೂತು ಹೊಡೆದು ಮುಗಿಸಿ, ಕೈ ಒರೆಸಿಕೊಂಡು ಫೋನು ಹಚ್ಚಿದೆ.

"ಅಕ್ಕಾ, ಎಲಿ ಚಿಗತೈತಿ."

"ಖರೇನ? ಹಂಗಾರ ರವಿವಾರ ನೋಡಾಕ ಬರ್ತೇನಿ."

"ನೋಡಾಕ ಬ್ಯಾಡ. ಇರಾಕ ಬಾ. ಒಳಗಿನ ಖೋಲಿ ನಿಂದು. ನಾವೆಲ್ಲಾ ಹೊರಗಿನ ಖೋಲ್ಯಾಗ ಮಲಗ್ತೇವಿ. ಮನಿಯಾಕಿಗೂ ಹೇಳೇನಿ."

ಆ ಕಡೆ ಹಾಸ್ಟೆಲಿನ ಪಾತ್ರೆಯೊಂದನ್ನು ಕೆಳಗಿಟ್ಟ ಸಪ್ಪಳ ಕೇಳಿಸಿತು. ಅಕ್ಕ ಕೇಳಿದಳು, "ಡಬ್ಬಿಗೆ ತೂತು ಹೊಡದೀಯೇನು?"

"ಹೊಡದೇನಿ."

"ಇನ್ನೊಂದಕ್ಕೂ ಹೊಡಿ. ಇಲ್ಲಿ ಗಿಡ ಯಾರಿಗಿ ಬಿಟ್ಟು ಬರ್ಲಿ?"

ಗ್ಯಾರೇಜಿನ ಇನ್ನೊಂದು ಡಬ್ಬಿಯಲ್ಲಿ ಇನ್ನೂ ಅರ್ಧ ಗ್ರೀಸ್ ಇದೆ. ಅದನ್ನು ಖಾಲಿ ಮಾಡುತ್ತ ಕೂತಿದ್ದೇನೆ.