ಮಾರ್ಮನ್ ನರ್ಸಮ್ಮನಿಗೆ ಮೇಷ್ಟ್ರ ಪರೀಕ್ಷೆ

ನಿವೃತ್ತರಾದ ಮೇಲೆ, ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಮೇಷ್ಟ್ರಿಗೆ ಪರೀಕ್ಷೆ ಮಾಡಲು ಮಕ್ಕಳು ಸಿಗುತ್ತಿರಲಿಲ್ಲ. ಹಾಗಾಗಿ ಯಾರು ನಿಜವಾದ ಕ್ರೈಸ್ತರು ಎಂದು ತೀರ್ಮಾನಿಸುವ ಭಾರವನ್ನು, ದೇವರಿಗೇಕೆ ತೊಂದರೆ ಎಂದು, ತಾವೇ ಹೊತ್ತುಕೊಂಡಿದ್ದರು. ಅವರ ಕೈಗೆ ಸಿಕ್ಕಿದ್ದು ಕೆಳಮನೆಗೆ ಬಾಡಿಗೆಗೆ ಬಂದಿದ್ದ ಅಮೆರಿಕದಲ್ಲಿ ಹುಟ್ಟಿದ ಮಾರ್ಮನ್ ಎಂಬ ಕ್ರೈಸ್ತ ಪಂಥದ ನರ್ಸಮ್ಮ. ಮೆಟ್ಟಿಲಲ್ಲಿ ಕಂಡರೆ ಸಾಕು, ಮೇಷ್ಟ್ರ ಕನ್ನಡಕ ಮೂಗಿನ ಮೇಲೇರುತ್ತಿತ್ತು. "ನಿಮ್ಮಲ್ಲಿ ಕ್ರಿಸ್‌ಮಸ್ ಇದೆಯೇನಮ್ಮ?" "ಇದೆ ಸಾರ್." "ಈಸ್ಟರ್?" "ಅದೂ ಇದೆ ಸಾರ್. ನಾವೂ ಯೇಸುವನ್ನೇ ನಂಬೋದು." ಇಷ್ಟು ಸಲೀಸಾಗಿ ಪಾಸಾಗಿಬಿಟ್ಟರೆ ಮೇಷ್ಟ್ರ ಮರ್ಯಾದೆ ಏನಾಗಬೇಕು? "ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ತಾನೆ?" "ಮನಸ್ಸು ಒಂದೇ ಸಾರ್, ಆದರೆ ಮೂವರೂ ಬೇರೆ ಬೇರೆ ಅಂತ ನಮ್ಮ ನಂಬಿಕೆ." "ಹಾಂ, ಸಿಕ್ಕಿಬಿದ್ದಿರಿ!" ಬೈಬಲ್ಲಿನ ಜೊತೆಗೆ ಇನ್ನೊಂದು ಗ್ರಂಥ ಓದುತ್ತಾರೆಂದು ಐದು ಅಂಕ ಕಳೆದರು, ಪಂಥದ ಕಟ್ಟಳೆಯಂತೆ ಕಾಫಿ ಕುಡಿಯುವುದಿಲ್ಲವೆಂದು ಹತ್ತು. ಕಾಫಿಯ ವಿಚಾರ ಯಾವ ಸುವಾರ್ತೆಯಲ್ಲಿದೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಇಷ್ಟಾದರೂ ನರ್ಸಮ್ಮ ದಿನಾ ಡ್ಯೂಟಿಗೆ ಹೋಗುವ ಮುನ್ನ ಮೇಲೆ ಬಂದು, ಆರು ತಿಂಗಳಿಂದ ಹಾಸಿಗೆ ಹಿಡಿದಿದ್ದ ಮೇಷ್ಟ್ರ ಹೆಂಡತಿಯನ್ನು ಎತ್ತಿ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಕ್ರಿಸ್‌ಮಸ್ ಬೆಳಿಗ್ಗೆಯೂ ಬಂದರು. ಮೇಷ್ಟ್ರು ಬಾಗಿಲಿಗೆ ಒರಗಿ, "ಅಲ್ಲಮ್ಮ, ನಿಮ್ಮ ಚರ್ಚಿನ ಮೇಲೆ ಶಿಲುಬೆ ಯಾಕಿಲ್ಲ?" ಎಂದು ಶುರುಮಾಡಿದರು. ನರ್ಸಮ್ಮನ ಕುತ್ತಿಗೆಗೆ ಜೋತುಬಿದ್ದಿದ್ದ ಹೆಂಡತಿ ಅಲ್ಲಿಂದಲೇ ಅಂದರು: "ರೀ, ಪ್ರಶ್ನೆ ಆಮೇಲೆ ಕೇಳುವಿರಂತೆ. ಮೊದಲು ಬಂದು ಕಾಲು ಹಿಡೀರಿ." ಜನ್ಮದಲ್ಲಿ ಯಾರ ಕಾಲನ್ನೂ ಹಿಡಿಯದ ಮೇಷ್ಟ್ರು ಬಗ್ಗಿ ಹಿಡಿದರು. ಹೆಂಡತಿಯ ಕಾಲು ಅಷ್ಟೊಂದು ಹಗುರಾಗಿದೆ ಎಂಬುದು ಅವರಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.